ಆಗಸ್ಟಸ್: ಒಂದು ಹೆಸರು ಬಿರುದಾದ ಕಥೆ

(ಇತಿಹಾಸ ಓದುವ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಎರಡು ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1965ರಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ ಮಣ್ಣಿನಡಿಯಿಂದ 256 ಬೆಳ್ಳಿ ನಾಣ್ಯಗಳು ಸಿಕ್ಕವು. ಅದಕ್ಕೂ ಮೊದಲು, 1891ರಲ್ಲಿ, ಯಶವಂತಪುರದಲ್ಲಿ 163 ನಾಣ್ಯಗಳು ಸಿಕ್ಕಿದ್ದವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲೂ ಇಂಥವು ಸಿಕ್ಕಿವೆ. ಇವೆಲ್ಲ ರೋಮಿನ ದಿನೇರಿಯಸ್ ನಾಣ್ಯಗಳು. ನಾವು ಹಳೆಯ ಕಥೆಗಳಲ್ಲಿ ಓದುವ ‘ದೀನಾರ’ ಎಂಬ ಪದ ಬಂದದ್ದು ಈ ಹೆಸರಿನಿಂದಲೇ. ಒಂದೊಂದು ನಾಣ್ಯವೂ ನಾಲ್ಕು ಗ್ರಾಂಗಿಂತ ತುಸು ಕಡಿಮೆ ತೂಗುತ್ತದೆ.

ದಕ್ಷಿಣ ಭಾರತದಲ್ಲಿ ಜಾಸ್ತಿ ಸಿಗುವ ಒಂದು ಬಗೆಯ ನಾಣ್ಯವನ್ನು ನಿಮಗೆ ವರ್ಣಿಸುತ್ತೇನೆ. ಒಂದು ಕಡೆ ಒಬ್ಬನ ತಲೆ, ಸುತ್ತ ಲ್ಯಾಟಿನ್ ಅಕ್ಷರಗಳು. ಬಿಡಿಸಿ ಓದಿದರೆ: ಸೀಸರ್ ಆಗಸ್ಟಸ್, ದೇವರಾದವನ ಮಗ, ದೇಶದ ತಂದೆ. ಇನ್ನೊಂದು ಕಡೆ ಗುರಾಣಿ, ಈಟಿ ಹಿಡಿದ ಇಬ್ಬರು ಹುಡುಗರು. ಅವರು ಅವನ ಮೊಮ್ಮಕ್ಕಳು, ಗೇಯಸ್ ಮತ್ತು ಲೂಸಿಯಸ್. ಅವರ ನಡುವೆ ಮೇಲ್ಗಡೆ ಒಂದು ಸೌಟು, ಒಂದು ತುದಿ ಸುರುಳಿ ಸುತ್ತಿದ ಕೋಲು. ಆ ಕೋಲನ್ನು ನೆನಪಿಟ್ಟುಕೊಳ್ಳಿ. ಅದಕ್ಕೆ ಮತ್ತೆ ಬರುತ್ತೇನೆ.

ಇವತ್ತು ನಾನು ಮಾತಾಡುವುದು ಆ ನಾಣ್ಯದ ಒಂದೇ ಒಂದು ಪದದ ಬಗ್ಗೆ. ಆಗಸ್ಟಸ್.

ಈ ಮನುಷ್ಯ ಹುಟ್ಟಿದ್ದು ಕ್ರಿ.ಪೂ. 63ರ ಸೆಪ್ಟೆಂಬರ್ 23ರಂದು. ತಂದೆ ತಾಯಿ ಇಟ್ಟ ಹೆಸರು ಗೇಯಸ್ ಆಕ್ಟೇವಿಯಸ್. ಅವನ ಅಜ್ಜಿಯ ತಮ್ಮ ಜೂಲಿಯಸ್ ಸೀಸರ್. ಕ್ರಿ.ಪೂ. 44ರ ಮಾರ್ಚ್ 15ರಂದು ಸೀಸರನ ಕೊಲೆಯಾಯಿತು. ಉಯಿಲು ತೆರೆದು ನೋಡಿದರೆ ಈ ಹದಿನೆಂಟರ ಹುಡುಗನನ್ನು ದತ್ತು ತೆಗೆದುಕೊಂಡಿದ್ದ. ಹುಡುಗ ಅಂದಿನಿಂದ ಗೇಯಸ್ ಜೂಲಿಯಸ್ ಸೀಸರ್ ಎಂದು ಹೆಸರು ಹೇಳಿಕೊಂಡ. ನಾವು ಪುಸ್ತಕಗಳಲ್ಲಿ ಅವನನ್ನು ಆಕ್ಟೇವಿಯನ್ ಅನ್ನುತ್ತೇವೆ. ಅವನು ಆ ಹೆಸರನ್ನು ಬಳಸಲಿಲ್ಲ. ಎರಡು ವರ್ಷದ ಮೇಲೆ ಸತ್ತ ಸೀಸರನನ್ನು ರೋಮ್ ದೇವರೆಂದು ಘೋಷಿಸಿತು. ಇವನು ‘ದೇವರಾದವನ ಮಗ’ ಆದ. ಆಮೇಲೆ ಗೇಯಸ್ ಹೋಯಿತು, ಜೂಲಿಯಸ್ ಹೋಯಿತು. ಗೆದ್ದ ಸೇನಾಪತಿಯನ್ನು ಸೈನಿಕರು ಕೂಗುವ ‘ಇಂಪರೇಟರ್’ ಎಂಬ ಪದವನ್ನೇ ಹೆಸರಿನ ಮೊದಲಿಗೆ ಸೇರಿಸಿಕೊಂಡ. ಕೊನೆಗೆ ಅವನ ಪೂರ್ತಿ ಹೆಸರು ಇಂಪರೇಟರ್ ಸೀಸರ್ ದಿವಿ ಫಿಲಿಯಸ್ ಆಗಸ್ಟಸ್. ಹುಟ್ಟಿದಾಗ ಇಟ್ಟ ಹೆಸರಿನ ಒಂದು ಚೂರೂ ಇದರಲ್ಲಿ ಇಲ್ಲ. ನನಗೆ ಇದು ಪ್ರತಿ ಸಲ ಓದಿದಾಗಲೂ ಆಶ್ಚರ್ಯ ತರುತ್ತದೆ.

ಕ್ರಿ.ಪೂ. 31ರಲ್ಲಿ ಆಕ್ಟಿಯಮ್‌ನಲ್ಲಿ ಆಂಟನಿ ಮತ್ತು ಕ್ಲಿಯೋಪಾತ್ರಾ ಸೋತರು. ಮರುವರ್ಷ ಆಗಸ್ಟ್ 1ರಂದು ಅಲೆಕ್ಸಾಂಡ್ರಿಯಾ ಅವನ ಕೈಸೇರಿತು. ಈಗ ಎದುರಾಳಿ ಅಂತ ಯಾರೂ ಉಳಿದಿಲ್ಲ. ಹಾಗಾದರೆ ಇವನನ್ನು ಏನೆಂದು ಕರೆಯಬೇಕು?

ರಾಜ ಅನ್ನುವ ಹಾಗಿಲ್ಲ. ರೋಮಿನವರು ತಮ್ಮ ಕೊನೆಯ ರಾಜನನ್ನು ಕ್ರಿ.ಪೂ. 509ರಲ್ಲಿ ಓಡಿಸಿದ್ದಾಗಿ ನಂಬಿದ್ದರು. ‘ರೆಕ್ಸ್’, ಅಂದರೆ ರಾಜ, ಅಲ್ಲಿ ಬೈಗುಳಕ್ಕೆ ಸಮ. ಜೂಲಿಯಸ್ ಸೀಸರನ ತಲೆಗೆ ಆಂಟನಿ ಹಬ್ಬದ ದಿನ ರಾಜಪಟ್ಟಿ ಕಟ್ಟಲು ಹೋಗಿ, ಒಂದು ತಿಂಗಳಲ್ಲಿ ಸೀಸರ್ ಹೆಣವಾಗಿದ್ದ. ಆ ಪಾಠವನ್ನು ಮಗ ಮರೆತಿರಲಿಲ್ಲ.

ಕ್ರಿ.ಪೂ. 27ರ ಜನವರಿ 13ರಂದು ಅವನು ಸೆನೆಟ್‌ಗೆ ಬಂದು ತನ್ನ ವಿಶೇಷ ಅಧಿಕಾರಗಳನ್ನೆಲ್ಲ ವಾಪಸ್ ಕೊಡುತ್ತೇನೆ ಅಂದ. ಸೆನೆಟ್ ಬೇಡ ಬೇಡ ಎಂದು ಒತ್ತಾಯ ಮಾಡಿ ಸೈನ್ಯ ಜಾಸ್ತಿ ಇರುವ ಪ್ರಾಂತ್ಯಗಳನ್ನು ಅವನ ಕೈಯಲ್ಲೇ ಬಿಟ್ಟಿತು. ಮೂರು ದಿನ ಕಳೆದು, 16ರಂದು, ಹೆಸರಿನ ವಿಚಾರ ಬಂತು. ಕೆಲವರು ರೋಮ್ಯುಲಸ್ ಎಂದು ಕರೆಯೋಣ ಅಂದರು. ರೋಮ್ ಕಟ್ಟಿದವನು ರೋಮ್ಯುಲಸ್, ಇವನು ಎರಡನೇ ಸಲ ಕಟ್ಟಿದ್ದಾನೆ ಅನ್ನುವುದು ಅವರ ವಾದ. ಅವನಿಗೇ ಆ ಹೆಸರಿನ ಮೇಲೆ ತುಂಬಾ ಆಸೆ ಇತ್ತು ಎಂದು ಇತಿಹಾಸಕಾರ ಡಿಯೊ ಬರೆಯುತ್ತಾನೆ. ಆದರೆ ರೋಮ್ಯುಲಸ್ ರಾಜ. ಮೇಲಾಗಿ ಒಡಹುಟ್ಟಿದ ರೀಮಸ್‌ನನ್ನು ಕೊಂದವನು. ಅವನನ್ನು ಸೆನೆಟರುಗಳೇ ಸಿಗಿದು ಹಾಕಿದರು ಎಂಬ ಕಥೆ ಬೇರೆ ಇತ್ತು. ಆಗ ಮುನೇಶಿಯಸ್ ಪ್ಲಾಂಕಸ್ ಎಂಬ ಹಿರಿಯ ಸೆನೆಟರ್ ಎದ್ದು ‘ಆಗಸ್ಟಸ್’ ಎಂದು ಸೂಚಿಸಿದ. ಈ ಪ್ಲಾಂಕಸ್ ಮೊದಲು ಆಂಟನಿಯ ಕಡೆ ಇದ್ದು, ಯುದ್ಧಕ್ಕೆ ಮುಂಚೆ ಈ ಕಡೆಗೆ ಬಂದವನು.

ಈಗ ಅರ್ಥಕ್ಕೆ ಬರೋಣ. ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಈ ಪದದ ಸೊಗಸೆಲ್ಲ ಇಲ್ಲೇ ಇದೆ.

ಆಗಸ್ಟಸ್ ಎಂಬುದು ಮೊದಲು ಮನುಷ್ಯರಿಗೆ ಹೇಳುವ ಪದವೇ ಅಲ್ಲ. ಗುಡಿಗೆ ಹೇಳುತ್ತಿದ್ದರು, ವಿಧಿಗೆ ಹೇಳುತ್ತಿದ್ದರು, ದೇವರ ಜಾಗಕ್ಕೆ ಹೇಳುತ್ತಿದ್ದರು. ಪುರೋಹಿತರು ಶಾಸ್ತ್ರದಂತೆ ಮೀಸಲಿಟ್ಟ ಜಾಗ ‘ಆಗಸ್ಟಾ’. ಕವಿ ಓವಿಡ್ ಇದನ್ನು ತನ್ನ ಪಂಚಾಂಗದ ಕಾವ್ಯದಲ್ಲಿ ಬಿಡಿಸಿ ಹೇಳುತ್ತಾನೆ. ಶಕುನಕ್ಕೆ ಹೇಳುವ ‘ಆಗೂರಿಯಮ್’ ಎಂಬ ಪದವೂ ಇದೇ ಬೇರಿನದು, ಗುರುದೇವ ಜೂಪಿಟರ್ ಯಾವುದನ್ನು ಬೆಳೆಸುತ್ತಾನೋ ಆ ‘ಬೆಳೆಸು’ ಎಂಬ ಪದವೂ ಇದೇ ಬೇರಿನದು ಅನ್ನುತ್ತಾನೆ. ರೋಮ್ ಹುಟ್ಟಿದ್ದೇ ಹಕ್ಕಿ ಶಕುನದಿಂದ. ರೋಮ್ಯುಲಸ್‌ಗೆ ಹನ್ನೆರಡು ರಣಹದ್ದು ಕಂಡವಂತೆ. ಹಳೆಯ ಕವಿ ಎನ್ನಿಯಸ್ ಆ ಶಕುನವನ್ನು ಹೇಳುವಾಗ ‘ಆಗಸ್ಟೊ ಆಗೂರಿಯೊ’ ಎಂದು ಎರಡೂ ಪದಗಳನ್ನು ಜೊತೆಗೆ ಇಟ್ಟಿದ್ದ. ಆ ಸಾಲು ಓದಿದ ರೋಮಿನವರಿಗೆ ಗೊತ್ತಿತ್ತು. ಹಾಗಾಗಿ ‘ಆಗಸ್ಟಸ್’ ಎಂದ ಕೂಡಲೇ ಅವರ ಮನಸ್ಸಿಗೆ ರೋಮ್ಯುಲಸ್ ಬಂದೇ ಬರುತ್ತಾನೆ. ಹೆಸರು ಹೇಳದೆಯೇ ಬರುತ್ತಾನೆ. ಪ್ಲಾಂಕಸ್ ಹುಡುಕಿದ ಪದದ ಜಾಣತನ ಇದು.

ನಾಣ್ಯದ ಮೇಲಿನ ಕೋಲು ನೆನಪಿದೆಯಲ್ವಾ? ಅದು ಶಕುನ ನೋಡುವ ಪುರೋಹಿತನ ಕೋಲು. ಅದರಿಂದ ಆಕಾಶವನ್ನು ಭಾಗ ಮಾಡಿ, ಯಾವ ಭಾಗದಲ್ಲಿ ಹಕ್ಕಿ ಹಾರಿತು ಎಂದು ನೋಡುತ್ತಿದ್ದರು. ಒಂದು ಮುಖದಲ್ಲಿ ಆಗಸ್ಟಸ್ ಎಂಬ ಪದ, ಇನ್ನೊಂದು ಮುಖದಲ್ಲಿ ಅದೇ ಬೇರಿನ ಕಸುಬಿನ ಕೋಲು. ಅಂಥ ನಾಣ್ಯ ನಮ್ಮ ದಕ್ಷಿಣದ ನೆಲದಲ್ಲಿ ಎರಡು ಸಾವಿರ ವರ್ಷ ಮಲಗಿತ್ತು.

ಕನ್ನಡದಲ್ಲಿ ಇದಕ್ಕೆ ಏನು ಹೇಳೋಣ? ‘ಪೂಜ್ಯ’ ಅನ್ನಬಹುದು, ಆದರೆ ಬೆಳೆಯುವ ಅರ್ಥ ಬಿಟ್ಟುಹೋಗುತ್ತದೆ. ‘ವರ್ಧನ’ ಅನ್ನಬಹುದು, ಆಗ ಪೂಜ್ಯತೆ ಬಿಟ್ಟುಹೋಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಹೆಸರಿನಲ್ಲಿರುವ ಆ ‘ವರ್ಧನ’ವನ್ನು ನಾನು ಸುಮ್ನೆ ತಂದಿಲ್ಲ. ಮಧ್ಯಯುಗದ ಜರ್ಮನ್ ಸಾಮ್ರಾಟರು ಲ್ಯಾಟಿನ್‌ನಲ್ಲಿ ‘ಸೆಂಪರ್ ಆಗಸ್ಟಸ್’, ಅಂದರೆ ಸದಾ ಆಗಸ್ಟಸ್, ಎಂದು ಬರೆಸಿಕೊಳ್ಳುತ್ತಿದ್ದರು. ಜರ್ಮನ್ ಭಾಷೆಗೆ ತರುವಾಗ ಅವರ ಬರಹಗಾರರು ಬೆಳೆಸುವ ಅರ್ಥವನ್ನೇ ಹಿಡಿದು ‘ಸದಾ ರಾಜ್ಯವನ್ನು ಹೆಚ್ಚಿಸುವವನು’ ಎಂದು ಬರೆದರು. ನೋಡಿ, ಅದು ನಮ್ಮ ‘ರಾಜ್ಯವರ್ಧನ’ವೇ! ಇನ್ನೊಂದು ನಂಟು ಇದೆ, ಅದು ನಿಜವಾದ ರಕ್ತಸಂಬಂಧ. ‘ಓಜಸ್ಸು’ ಅನ್ನುತ್ತೇವಲ್ಲ, ಸಂಸ್ಕೃತದ ಆ ಓಜಸ್ ಮತ್ತು ಲ್ಯಾಟಿನ್‌ನ ಆಗಸ್ಟಸ್ ಎರಡೂ ಒಂದೇ ಹಳೆಯ ಬೇರಿನಿಂದ ಬಂದವು ಎಂದು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ. ಬೆಳೆಯುವ ಬಲ, ಹೆಚ್ಚುವ ಶಕ್ತಿ ಎಂಬುದು ಆ ಬೇರಿನ ತಿರುಳು.

ಈ ಹೆಸರು ಬಂದಾಗ ಅವನಿಗೆ ಏನು ಸಿಕ್ಕಿತು? ಬಾಗಿಲ ಎರಡೂ ಕಡೆ ಲಾರೆಲ್ ಎಲೆಗಳು, ಬಾಗಿಲ ಮೇಲೆ ಓಕ್ ಎಲೆಯ ಕಿರೀಟ, ಸೆನೆಟ್ ಭವನದಲ್ಲಿ ಒಂದು ಚಿನ್ನದ ಗುರಾಣಿ. ಅಧಿಕಾರ? ಒಂದಿಷ್ಟೂ ಇಲ್ಲ. ಆಗಸ್ಟಸ್ ಎಂಬುದು ಹುದ್ದೆಯಲ್ಲ. ಅದಕ್ಕೆ ಅವಧಿ ಇಲ್ಲ, ಕೆಲಸ ಇಲ್ಲ, ಸಹಿ ಹಾಕುವ ಹಕ್ಕಿಲ್ಲ. ಜನರ ಪರವಾಗಿ ತಡೆ ಒಡ್ಡುವ ಟ್ರಿಬ್ಯೂನ್ ಅಧಿಕಾರ ಕ್ರಿ.ಪೂ. 23ರಲ್ಲಿ ಬೇರೆಯಾಗಿ ಬಂತು. ಮುಖ್ಯ ಪುರೋಹಿತನ ಪದವಿ ಕ್ರಿ.ಪೂ. 12ರಲ್ಲಿ ಬಂತು. ‘ದೇಶದ ತಂದೆ’ ಕ್ರಿ.ಪೂ. 2ರಲ್ಲಿ.

ಅವನೇ ಬರೆದಿಟ್ಟ ಆತ್ಮಕಥೆಯಂಥ ಒಂದು ಶಾಸನ ಇದೆ. ಅದರ ಅತ್ಯುತ್ತಮ ಪ್ರತಿ ಟರ್ಕಿಯ ಅಂಕಾರಾದಲ್ಲಿ, ರೋಮ್ ಮತ್ತು ಆಗಸ್ಟಸರ ಗುಡಿಯ ಗೋಡೆಯ ಮೇಲೆ, ಲ್ಯಾಟಿನ್ ಮತ್ತು ಗ್ರೀಕ್ ಎರಡರಲ್ಲೂ ಉಳಿದಿದೆ. ಭಾರತದ ರಾಜರು ತನ್ನ ಬಳಿಗೆ ಹಲವು ಸಲ ರಾಯಭಾರಿಗಳನ್ನು ಕಳಿಸಿದರು ಎಂಬ ಮಾತೂ ಅದರಲ್ಲಿದೆ. ಕೊನೆಯ ಭಾಗದಲ್ಲಿ ಈ ಹೆಸರು ಬಂದ ಸಂದರ್ಭ ಹೇಳಿ ಒಂದು ವಾಕ್ಯ ಸೇರಿಸುತ್ತಾನೆ. ಅದರ ಸಾರ ಇಷ್ಟು: ಅಲ್ಲಿಂದಾಚೆ ಮಾತಿನ ತೂಕದಲ್ಲಿ ಎಲ್ಲರಿಗಿಂತ ಮುಂದಿದ್ದೆ, ಅಧಿಕಾರ ಮಾತ್ರ ಜೊತೆಯ ಅಧಿಕಾರಿಗಳಿಗಿಂತ ಜಾಸ್ತಿ ಇರಲಿಲ್ಲ.

‘ಮಾತಿನ ತೂಕ’ ಎಂದು ನಾನು ಅನುವಾದಿಸಿದ್ದು ‘ಆಕ್ಟೋರಿಟಾಸ್’ ಎಂಬ ಪದವನ್ನು. ಅದೂ ‘ಬೆಳೆಸು’ ಎಂಬ ಅದೇ ಬೇರಿನದು. ಊರಿನಲ್ಲಿ ಒಬ್ಬ ಹಿರಿಯರು ಇರುತ್ತಾರೆ. ಪಂಚಾಯ್ತಿ ಸದಸ್ಯರೂ ಅಲ್ಲ. ಆದರೂ ಜಗಳ ಬಂದಾಗ ಎಲ್ಲರೂ ಅವರ ಮುಖ ನೋಡುತ್ತಾರೆ. ಆಗಸ್ಟಸ್ ತನ್ನನ್ನು ಹಾಗೆ ತೋರಿಸಿಕೊಂಡ. ಆದರೆ ಒಂದು ವ್ಯತ್ಯಾಸವನ್ನು ನಾವು ಮರೆಯಬಾರದು. ನಮ್ಮೂರ ಹಿರಿಯರ ಹಿಂದೆ ಸೈನ್ಯ ಇರುವುದಿಲ್ಲ. ಇವನ ಹಿಂದೆ ರೋಮಿನ ಬಹುಪಾಲು ಲೀಜನ್‌ಗಳಿದ್ದವು. ಆ ವಾಕ್ಯ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಗಣರಾಜ್ಯ ಮುಗಿದುಹೋದದ್ದನ್ನು ಯಾವ ಕಾನೂನಿನಲ್ಲೂ ಬರೆಯಲಿಲ್ಲ. ಒಂದು ಹೆಸರು ಕೊಟ್ಟರು, ಅಷ್ಟೆ. ಹೆಸರಿಗೆ ಅಧಿಕಾರ ಇರಲಿಲ್ಲ, ಹಾಗಾಗಿ ಅದಕ್ಕೆ ಮಿತಿಯೂ ಇರಲಿಲ್ಲ. ನನ್ನ ಇಡೀ ಮಾತಿನ ಮುಖ್ಯ ಅಂಶ ಇದೇ.

ಇಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು: “ಸರ್, ಆಗಸ್ಟ್ ತಿಂಗಳಿಗೆ 31 ದಿನ ಬಂದದ್ದು ಜುಲೈಗಿಂತ ಕಡಿಮೆ ಇರಬಾರದು ಅಂತ ಫೆಬ್ರವರಿಯಿಂದ ಕಿತ್ತುಕೊಂಡಿದ್ದರಿಂದ ಅಲ್ವಾ?”

ನಾನೂ ಶಾಲೆಯಲ್ಲಿ ಹಾಗೇ ಕೇಳಿದ್ದೆ. ಅದು ನಿಜವಲ್ಲ. ಆ ಕಥೆ ಹುಟ್ಟಿದ್ದು ಹದಿಮೂರನೇ ಶತಮಾನದಲ್ಲಿ. ಆ ತಿಂಗಳ ಹಳೆಯ ಹೆಸರು ಸೆಕ್ಸ್‌ಟಿಲಿಸ್, ಅಂದರೆ ಆರನೆಯದು, ಹಿಂದೆ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು. ಅದಕ್ಕೆ 31 ದಿನ ಕೊಟ್ಟದ್ದು ಜೂಲಿಯಸ್ ಸೀಸರನ ಪಂಚಾಂಗ ಸುಧಾರಣೆಯೇ. ಕ್ರಿ.ಪೂ. 8ರಲ್ಲಿ ಬದಲಾದದ್ದು ಹೆಸರು ಮಾತ್ರ. ಹುಟ್ಟಿದ ತಿಂಗಳು ಸೆಪ್ಟೆಂಬರ್ ಆಗಿದ್ದರೂ ಅವನು ಇದನ್ನೇ ಆರಿಸಿಕೊಂಡ. ಮೊದಲ ಸಲ ಕಾನ್ಸಲ್ ಎಂಬ ರೋಮಿನ ಅತಿ ದೊಡ್ಡ ಅಧಿಕಾರಿ ಆದದ್ದು, ಈಜಿಪ್ಟ್ ಗೆದ್ದದ್ದು ಈ ತಿಂಗಳಲ್ಲಿ. ಕ್ರಿ.ಶ. 14ರಲ್ಲಿ ಅವನು ನೋಲಾ ಎಂಬ ಊರಿನಲ್ಲಿ ತೀರಿಕೊಂಡದ್ದೂ ಈ ತಿಂಗಳಲ್ಲೇ, 19ನೇ ತಾರೀಕು. ಆಮೇಲೆ ಡೊಮಿಷಿಯನ್ ತರಹದ ಸಾಮ್ರಾಟರು ತಮ್ಮ ಹೆಸರನ್ನೂ ತಿಂಗಳಿಗೆ ಇಟ್ಟು ನೋಡಿದರು. ಒಂದೂ ನಿಲ್ಲಲಿಲ್ಲ. ಇದು ನಿಂತಿತು. ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೂ ನಿಂತಿದೆ.

ಪೂರ್ವದ ಪ್ರಾಂತ್ಯಗಳಲ್ಲಿ ಜನ ಮಾತಾಡುತ್ತಿದ್ದದ್ದು ಗ್ರೀಕ್. ಅವರು ಈ ಪದವನ್ನು ‘ಸೆಬಾಸ್ಟೋಸ್’ ಎಂದು ಅನುವಾದಿಸಿದರು. ಪೂಜೆಗೆ ಯೋಗ್ಯ ಎಂದು ಅರ್ಥ. ಇಲ್ಲಿ ಬೆಳೆಸುವ ಅರ್ಥ ಬಿದ್ದುಹೋಯಿತು, ಭಕ್ತಿ ಮಾತ್ರ ಉಳಿಯಿತು. ಹೆರೋದ ರಾಜ ಸಮಾರ್ಯದಲ್ಲಿ ಕಟ್ಟಿದ ಊರಿಗೆ ಸೆಬಾಸ್ಟೆ ಎಂದು ಹೆಸರಿಟ್ಟ. ಸೆಬಾಸ್ಟಿಯನ್ ಎಂಬ ಹೆಸರು ಈ ಬೇರಿನದೇ. ಲ್ಯಾಟಿನ್ ರೂಪ ಪಶ್ಚಿಮದ ಊರುಗಳಲ್ಲಿ ಉಳಿಯಿತು. ಜರ್ಮನಿಯ ಆಗ್ಸ್‌ಬರ್ಗ್, ಇಟಲಿಯ ಆಓಸ್ತಾ ಎಲ್ಲ ಹಾಗೆ ಬಂದವು. ಸ್ಪೇನಿನ ಜರಾಗೋಜಾ ಎಂಬ ಹೆಸರಿನಲ್ಲಿ ‘ಸೀಸರ್’ ಮತ್ತು ‘ಆಗಸ್ಟಾ’ ಎರಡೂ ಪದಗಳು ಸವೆದು ಒಂದಾಗಿ ಕೂತಿವೆ.

ಬೈಬಲ್ ಓದಿದವರು ಇಲ್ಲಿ ಒಂದು ಚೆಂದದ ಸಾಕ್ಷಿ ನೋಡಬಹುದು. ಲೂಕನ ಸುವಾರ್ತೆಯೂ ಅಪೊಸ್ತಲರ ಕೃತ್ಯಗಳೂ ಒಬ್ಬನೇ ಬರೆದವು. ಯೇಸು ಹುಟ್ಟಿದ ಕಾಲದ ಜನಗಣತಿ ಹೇಳುವಾಗ ಗ್ರೀಕ್ ಮೂಲದಲ್ಲಿ ಅವನು ಲ್ಯಾಟಿನ್ ಪದವನ್ನೇ ಹಾಗೇ ಇಟ್ಟಿದ್ದಾನೆ, ಯಾಕೆಂದರೆ ಅಲ್ಲಿ ಅದು ಒಬ್ಬ ಮನುಷ್ಯನ ಹೆಸರು. ಪೌಲನ ವಿಚಾರಣೆಯ ಕಡೆ ಬಂದಾಗ ‘ಸೆಬಾಸ್ಟೋಸ್’ ಎನ್ನುತ್ತಾನೆ. ಅಲ್ಲಿ ಅದು ನೀರೋ. ಒಬ್ಬನೇ ಬರಹಗಾರ, ಒಂದೇ ಪದದ ಎರಡು ರೂಪ. ಮೊದಲನೆಯದು ಹೆಸರು, ಎರಡನೆಯದು ಬಿರುದು.

ಕೇರಳದ ಮುಜಿರಿಸ್ ಬಂದರಿನ ಪಕ್ಕದಲ್ಲೂ ಒಂದು ‘ಆಗಸ್ಟಸ್ ಗುಡಿ’ಯ ಗುರುತು ಇದೆ. ಪ್ಯೂಟಿಂಗರ್ ಎಂಬ ಹೆಸರಿನ ಹಳೆಯ ರೋಮನ್ ನಕ್ಷೆಯ ಪ್ರತಿಯಲ್ಲಿ ಅದನ್ನು ಚಿತ್ರಿಸಿದ್ದಾರೆ. ಮೆಣಸಿನ ವ್ಯಾಪಾರಕ್ಕೆ ಬಂದವರು ತಮ್ಮ ದೇವರನ್ನೂ ಜೊತೆಗೆ ತಂದಿದ್ದರು ಎಂದು ನಾನು ಅದನ್ನು ಓದುತ್ತೇನೆ.

ಹೆಸರು ಬಿರುದಾದದ್ದು ಒಂದೇ ದಿನದಲ್ಲಿ ಅಲ್ಲ. ಮಲಮಗ ಟಿಬೇರಿಯಸ್‌ಗೆ ಅದು ಆಸ್ತಿಯಂತೆ ಬಂತು. ಅವನು ಸಂಕೋಚಪಟ್ಟ. ಹೊರದೇಶದ ರಾಜರಿಗೆ ಬರೆಯುವ ಪತ್ರಗಳಲ್ಲಿ ಬಿಟ್ಟರೆ ಅದನ್ನು ಬಳಸುತ್ತಿರಲಿಲ್ಲ ಎಂದು ಸ್ವೆಟೋನಿಯಸ್ ಹೇಳುತ್ತಾನೆ. ಆದರೆ ಅವನ ನಾಣ್ಯಗಳ ಮೇಲೆ ಪದ ಇದೆ, ಬೆಂಗಳೂರಿನ ನೆಲದಲ್ಲಿ ಸಿಕ್ಕವುಗಳಲ್ಲಿ ಅವೂ ಇವೆ. ಆಗಸ್ಟಸ್ ತನ್ನ ಹೆಂಡತಿ ಲಿವಿಯಾಳನ್ನು ಉಯಿಲಿನಲ್ಲಿ ದತ್ತು ತೆಗೆದುಕೊಂಡು ‘ಆಗಸ್ಟಾ’ ಎಂಬ ಹೆಸರು ಕೊಟ್ಟು ಹೋಗಿದ್ದ. ಹೆಂಗಸರಿಗೆ ಈ ಬಿರುದು ಶುರುವಾದದ್ದು ಹೀಗೆ. ಕ್ರಿ.ಶ. 63ರಲ್ಲಿ ನೀರೋ ತನ್ನ ಆಗಷ್ಟೇ ಹುಟ್ಟಿದ ಮಗಳಿಗೂ ಆಗಸ್ಟಾ ಎಂದು ಕೊಟ್ಟ. ಕೂಸು ನಾಲ್ಕು ತಿಂಗಳೊಳಗೆ ತೀರಿಹೋಯಿತು.

68ರಲ್ಲಿ ನೀರೋ ಸತ್ತ ಮೇಲೆ ಆ ಮನೆತನ ಮುಗಿಯಿತು. ರಕ್ತದಲ್ಲೂ ಇಲ್ಲ, ದತ್ತಿನಲ್ಲೂ ಇಲ್ಲ. ಆಮೇಲೆ ಗದ್ದುಗೆ ಹಿಡಿದ ಗಾಲ್ಬಾ ‘ಸೀಸರ್’ ಎಂದೂ ‘ಆಗಸ್ಟಸ್’ ಎಂದೂ ಹೇಳಿಕೊಂಡಾಗ ಅವು ಮನೆತನದ ಹೆಸರುಗಳಾಗಿ ಉಳಿಯಲಿಲ್ಲ. 69ರಲ್ಲಿ ವಿಟೆಲಿಯಸ್ ಮೊದಲು ಸೀಸರ್ ಬೇಡ ಅಂದ, ಆಗಸ್ಟಸ್ ಈಗಲೇ ಬೇಡ, ಆಮೇಲೆ ನೋಡೋಣ ಅಂದ. ಸೋಲು ಹತ್ತಿರ ಬಂದಾಗ ಸೀಸರ್ ಎಂಬ ಹೆಸರಿಗೆ ಕೈ ಚಾಚಿದ. ಆ ಹೆಸರಿನಲ್ಲಿ ಏನೋ ಕಾಪಾಡುವ ಶಕ್ತಿ ಇದೆ ಎಂಬ ನಂಬಿಕೆ ಎಂದು ಟ್ಯಾಸಿಟಸ್ ಬರೆಯುತ್ತಾನೆ.

ಎರಡನೇ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: “ಸೀಸರ್ ದೊಡ್ಡದೋ, ಆಗಸ್ಟಸ್ ದೊಡ್ಡದೋ?”

ಶುರುವಿನಲ್ಲಿ ಎರಡೂ ಒಬ್ಬನವೇ. ಎರಡನೇ ಶತಮಾನದಲ್ಲಿ ಹಾಡ್ರಿಯನ್‌ನ ಕಾಲದಿಂದ ಉತ್ತರಾಧಿಕಾರಿಯನ್ನು ಸೀಸರ್ ಎನ್ನುವುದು ರೂಢಿಯಾಯಿತು. ಆಳುವವನು ಆಗಸ್ಟಸ್. 161ರಲ್ಲಿ ಮಾರ್ಕಸ್ ಔರೇಲಿಯಸ್ ತನ್ನ ಜೊತೆಗೆ ಲೂಸಿಯಸ್ ವೇರಸ್‌ನನ್ನೂ ಆಗಸ್ಟಸ್ ಮಾಡಿದ. ಮೊದಲ ಬಾರಿಗೆ ಇಬ್ಬರು. ಈ ಲೆಕ್ಕವನ್ನು ಮುಂದಿನ ಕಾಲದ ನಾಣ್ಯಗಳಲ್ಲಿ ನೋಡಲು ಚೆಂದ. ಆಗಸ್ಟಸ್ ಎಂಬುದನ್ನು ಎ-ವಿ-ಜಿ ಎಂದು ಚುಟುಕಾಗಿ ಕೊರೆಯುತ್ತಿದ್ದರು. ಇಬ್ಬರಿದ್ದರೆ ಎರಡು ‘ಜಿ’, ಮೂವರಿದ್ದರೆ ಮೂರು ‘ಜಿ’. 286ರ ಸುಮಾರಿಗೆ ಬ್ರಿಟನ್ನಿನಲ್ಲಿ ದಂಗೆ ಎದ್ದ ಕರಾಸಿಯಸ್ ಎಂಬ ನೌಕಾಪತಿ ತನ್ನ ನಾಣ್ಯಗಳ ಮೇಲೆ ಮೂರು ‘ಜಿ’ ಹಾಕಿಸಿದ. ರೋಮಿನ ಇಬ್ಬರು ಆಗಸ್ಟಸರ ಜೊತೆ ತಾನೂ ಮೂರನೆಯವನು ಎಂಬ ಹಕ್ಕು ಆ ಒಂದು ಹೆಚ್ಚಿನ ಅಕ್ಷರದಲ್ಲಿತ್ತು. ಒಂದು ನಾಣ್ಯದಲ್ಲಿ ಮೂವರ ಮುಖ ಅಚ್ಚುಹಾಕಿಸಿ ‘ಕರಾಸಿಯಸ್ ಮತ್ತು ಅವನ ಸಹೋದರರು’ ಎಂದು ಬರೆಸಿದ. ಆ ಸಹೋದರರು ಅವನ ಮೇಲೆ ಸೈನ್ಯ ಕಳಿಸಿದರು.

ಆ ಇಬ್ಬರು ಡಯೋಕ್ಲೀಷಿಯನ್ ಮತ್ತು ಮ್ಯಾಕ್ಸಿಮಿಯನ್. 293ರಲ್ಲಿ ಡಯೋಕ್ಲೀಷಿಯನ್ ಇಬ್ಬರು ಸೀಸರರನ್ನೂ ಸೇರಿಸಿ ನಾಲ್ವರ ಆಳ್ವಿಕೆ ಮಾಡಿದ. ಅವನು ಇಳಿದ ಮೇಲೆ ಬರೀ ಸೀಸರ್ ಆಗಿರಲು ಯಾರಿಗೂ ಮನಸ್ಸಿಲ್ಲ. ಸಮಾಧಾನಕ್ಕೆ ‘ಆಗಸ್ಟಸರ ಮಗ’ ಎಂಬ ನಡುವಿನ ಬಿರುದನ್ನೂ ಹುಟ್ಟಿಸಿ ನೋಡಿದರು. ನಡೆಯಲಿಲ್ಲ.

ಈ ಎರಡರ ನಡುವಿನ ದೂರ ಎಷ್ಟು ಎಂದು ತಿಳಿಯಲು ಜೂಲಿಯನ್‌ನ ಕಥೆ ಸಾಕು. 360ರಲ್ಲಿ ಪ್ಯಾರಿಸ್‌ನಲ್ಲಿದ್ದ ಸೀಸರ್ ಜೂಲಿಯನ್‌ನನ್ನು ಸೈನಿಕರು ಗುರಾಣಿಯ ಮೇಲೆ ಎತ್ತಿ ‘ಆಗಸ್ಟಸ್’ ಎಂದು ಕೂಗಿದರು. ಕಿರೀಟ ಇರಲಿಲ್ಲ. ಹೆಂಡತಿಯ ಸರ ತನ್ನಿ ಅಂದರು, ಅಪಶಕುನ ಎಂದು ಅವನು ಒಪ್ಪಲಿಲ್ಲ. ಕುದುರೆಯ ಆಭರಣ ಹಾಕೋಣ ಅಂದರು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಸೈನಿಕ ತನ್ನ ಕತ್ತಿನ ಲೋಹದ ಕಂಠಿಯನ್ನೇ ಬಿಚ್ಚಿ ಅವನ ತಲೆಗಿಟ್ಟ. ಕಾನ್‌ಸ್ಟಾಂಟಿಯಸ್ ಸಾಮ್ರಾಟ, ನೀನು ಸೀಸರ್ ಆಗಿಯೇ ಇರು ಎಂದು ಹೇಳಿ ಕಳಿಸಿದ. ಇಬ್ಬರೂ ಯುದ್ಧಕ್ಕೆ ಹೊರಟರು. ದಾರಿಯಲ್ಲಿ ಕಾನ್‌ಸ್ಟಾಂಟಿಯಸ್ ಕಾಯಿಲೆಯಿಂದ ಸತ್ತದ್ದರಿಂದ ಯುದ್ಧ ತಪ್ಪಿತು.

ಪೂರ್ವದಲ್ಲಿ ಏಳನೇ ಶತಮಾನದಲ್ಲಿ ಸಾಮ್ರಾಟ ಹೆರಾಕ್ಲಿಯಸ್ ಗ್ರೀಕ್‌ನ ‘ಬಸಿಲಿಯಸ್’ ಎಂಬ ಪದಕ್ಕೆ ಬದಲಾದ. ರಾಜ ಎಂದೇ ಅದರ ಅರ್ಥ. ಆಗಸ್ಟಸ್ ಅಷ್ಟು ಹುಷಾರಾಗಿ ದೂರ ಇಟ್ಟ ಮಾತು ಆರು ನೂರು ವರ್ಷದ ಮೇಲೆ ಯಾರನ್ನೂ ಕಾಡಲಿಲ್ಲ.

ಪಶ್ಚಿಮದಲ್ಲಿ ಕಥೆ ಅದಕ್ಕೂ ಮೊದಲೇ ಮುಗಿದಿತ್ತು. 475ರಲ್ಲಿ ಒರೆಸ್ಟಿಸ್ ಎಂಬ ಸೇನಾಪತಿ, ಹಿಂದೆ ಹೂಣರ ಅಟಿಲಾನ ಬಳಿ ಕಾರ್ಯದರ್ಶಿಯಾಗಿದ್ದವನು, ತನ್ನ ಚಿಕ್ಕ ಮಗನನ್ನು ಇಟಲಿಯಲ್ಲಿ ಪಟ್ಟಕ್ಕೆ ಕೂರಿಸಿದ. ಹುಡುಗನಿಗೆ ತಾಯಿಯ ತಂದೆಯ ಹೆಸರು ಇಟ್ಟಿದ್ದರು: ರೋಮ್ಯುಲಸ್. ಅದರ ಜೊತೆಗೆ ಆಗಸ್ಟಸ್ ಎಂಬುದೂ ಅವನ ಸ್ವಂತ ಹೆಸರೇ. ಜನ ‘ಆಗಸ್ಟುಲಸ್’, ಪುಟ್ಟ ಆಗಸ್ಟಸ್, ಎಂದು ಕರೆದರು. ಮರುವರ್ಷ ಓಡೋಯಸರ್ ಎಂಬ ದಂಗೆ ಎದ್ದ ಸೇನಾನಾಯಕ ಒರೆಸ್ಟಿಸ್‌ನನ್ನು ಕೊಂದ. ಹುಡುಗನ ವಯಸ್ಸು ನೋಡಿ ಕನಿಕರಪಟ್ಟು ಬಿಟ್ಟುಬಿಟ್ಟ, ವರ್ಷಕ್ಕೆ 6000 ಚಿನ್ನದ ನಾಣ್ಯದ ಸಂಬಳ ಗೊತ್ತುಮಾಡಿ ಕಂಪಾನಿಯಾದ ನೆಂಟರ ಹತ್ತಿರ ಕಳಿಸಿದ. ಆ ಹುಡುಗನ ಹೆಸರಿನ ಚಿನ್ನದ ನಾಣ್ಯಗಳು ಕೆಲವು ಉಳಿದಿವೆ. ಅವುಗಳ ಮೇಲಿನ ಬರಹದಲ್ಲಿ ನಮ್ಮ ಪದ ಎರಡು ಸಲ ಬರುತ್ತದೆ. ‘ರೋಮ್ಯುಲಸ್’ ಆದಮೇಲೆ ಒಂದು ಸಲ ಪೂರ್ತಿಯಾಗಿ, ಹೆಸರಾಗಿ. ಸಾಲಿನ ಕೊನೆಯಲ್ಲಿ ಇನ್ನೊಂದು ಸಲ, ಬರೀ ಎ-ವಿ-ಜಿ ಎಂದು, ಬಿರುದಾಗಿ.